ಅಪವಾದ ಹೊತ್ತ ಜೇಡಮ್ಮ

ರೇವಣ್ಣನವರ ತುಟಿಯ ಮೇಲೆ ಗುಳ್ಳೆ ಎದ್ದಾಗಲೆಲ್ಲ, "ಜೇಡ ಉಚ್ಚೆ ಹೊಯ್ದಿದೆ" ಎಂದು ಅವರ ಹೆಂಡತಿ ಪೊರಕೆ ಎತ್ತುತ್ತಿದ್ದರು. ಕನ್ನಡಿಯ ಹಿಂದೆ ಸಂಸಾರ ಹೂಡಿದ್ದ ಜೇಡಮ್ಮನ ಬಲೆ ನೆಲ ಸೇರುತ್ತಿತ್ತು.

ಒಂದು ದಿನ ಡಾಕ್ಟರು ಬರೆದುಕೊಟ್ಟ ಮುಲಾಮಿನ ಟ್ಯೂಬು ಕನ್ನಡಿಯ ಪಕ್ಕ ಬಂದು ಕೂತಿತು.

"ನಾನು ಆ ತುಟಿಯ ಹತ್ತಿರವೂ ಸುಳಿದವಳಲ್ಲ ಕಣಪ್ಪಾ," ಎಂದು ಜೇಡಮ್ಮ ಗೋಳಾಡಿದಳು.

"ಬಲ್ಲೆ ತಾಯಿ. ಅದು ಮೈಯೊಳಗೇ ಅಡಗಿರುವ ವೈರಸ್ಸಿನ ಕಿತಾಪತಿ. ನನ್ನಲ್ಲಿರುವ ಒಂದು ಮದ್ದು ಅದನ್ನು ತಡೆಯುತ್ತದೆ, ಇನ್ನೊಂದು ಊತ ಇಳಿಸುತ್ತದೆ. ತುಟಿ ಚುರುಗುಟ್ಟಿದ ಕೂಡಲೇ ಹಚ್ಚಿದರೆ ನಿನ್ನ ಹೆಸರನ್ನು ಯಾರೂ ಎತ್ತುವುದಿಲ್ಲ."

ಮುಂದಿನ ಸಲ ರೇವಣ್ಣನವರು ಹಾಗೇ ಹಚ್ಚಿದರು. ಗುಳ್ಳೆ ಏಳಲಿಲ್ಲ. ಜೇಡಮ್ಮ ಹಿಗ್ಗಿ ಹೊಸ ಬಲೆ ನೇಯತೊಡಗಿದಳು. ರೇವಣ್ಣನವರು ಕನ್ನಡಿಯಲ್ಲಿ ನುಣ್ಣನೆಯ ತುಟಿ ನೋಡಿಕೊಂಡು ಹೆಂಡತಿಯನ್ನು ಕೂಗಿದರು:

"ನೋಡಿದೆಯೇನೇ, ಪೊರಕೆ ಏಟಿಗೆ ಜೇಡ ಬುದ್ಧಿ ಕಲಿತಿದೆ! ಇನ್ನು ದಿನಾ ಒಂದೊಂದು ಬಾರಿಸುತ್ತಿರು."