ಯಾರ ಅಪ್ಪಣೆಯ ಡಂಗುರ?

ಗೌಡರ ಎಮ್ಮೆ ತನ್ನ ರಾಗಿ ಮೇಯಿತೆಂದು ಹೊನ್ನಾಜಮ್ಮ ನಾಲ್ಕು ಜನರೆದುರು ಅಂದುಬಿಟ್ಟಳು. ಗೌಡರು ತಳವಾರನನ್ನು ಕರೆಸಿದರು.

"ಅವಳಿಗೆ ಯಾರೂ ನೀರು ಕೊಡಕೂಡದು ಅಂತ ಡಂಗುರ ಹೊಡಿ."

ಅಪ್ಪಣೆ ಕೊಟ್ಟವರ ಹೆಸರು ಮೊದಲು ಸಾರುವುದು ಆ ಊರಿನ ವಾಡಿಕೆ. "ಯಾರ ಹೆಸರು ಹೇಳಲಿ ಬುದ್ಧಿ?"

"ನಂದು ಬೇಡ. ಊರಿನವರು ಅನ್ನು."

ತಳವಾರ ತಮಟೆ ಹೆಗಲಿಗೇರಿಸಿ ಮನೆಮನೆಗೂ ಹೋದ. "ನೀರು ಕೊಡಬೇಡಿ ಅಂದದ್ದು ನೀವಾ? ನಿಮ್ಮ ಹೆಸರು ಸಾರಲಾ?"

"ನಾನಲ್ಲಪ್ಪ. ಊರಿನವರು ಅಂದರಂತೆ, ಅದಕ್ಕೇ ನಾನೂ ಸುಮ್ಮನಿದ್ದೀನಿ." ಎಲ್ಲರದೂ ಇದೇ ಮಾತು.

ನಡುಮಧ್ಯಾಹ್ನ ಅವನು ಗೌಡರ ಜಗಲಿ ಮುಂದೆ ನಿಂತ. "ಊರೆಲ್ಲ ಕೇಳಿದೆ ಬುದ್ಧಿ. ಅಂದವರು ಯಾರೂ ಇಲ್ಲ. ಉಳಿದಿರೋದು ಇದೊಂದೇ ಮನೆ. ಹೆಸರು ಸಾರಲಾ?"

ಗೌಡರು ಉರಿಬಿಸಿಲನ್ನೇ ನೋಡುತ್ತ ಕೂತರು. "ತಮಟೆ ಹಸಿಯಾಗಿರೋ ಹಾಗಿದೆ," ಅಂದರು. "ಒಣಗಲಿ, ನೋಡೋಣ."

ಆ ತಮಟೆ ಇನ್ನೂ ಒಣಗಿಲ್ಲ.