ಮಾಂತವ್ವನ ಹೆಸರು ಉಳಿದದ್ದು

ಕೇಳುವವರಿದ್ದರೆ ಹೇಳುತ್ತೇನೆ. ಇಲ್ಲದಿದ್ದರೂ ಹೇಳುತ್ತೇನೆ, ಅದು ಬೇರೆ ಮಾತು.

ಒಂದು ಊರು. ಊರಿನ ಹೆಸರು ಬೇಡ. ಹೆಸರಿನಿಂದ ಆದ ಅನಾಹುತವೇ ಈ ಕತೆಗೆ ಸಾಕು. ಆ ಊರಿನ ಸಂತೆ ಬಯಲಿನಲ್ಲಿ ಒಂದು ಬೇವಿನ ಮರ. ಮರದ ಎದುರಿಗೆ ಒಂದು ಖಾನಾವಳಿ. ಬಾಗಿಲ ಮೇಲೆ ಬೋರ್ಡು: 'ಮಾಂತವ್ವನ ಖಾನಾವಳಿ'. ಒಳಗೆ ಮಾಂತವ್ವ, ಅವಳ ಜೋಳದ ರೊಟ್ಟಿ, ಅವಳ ಎಣ್ಣೆಗಾಯಿ, ಅವಳ ಮಗ. ಮೊದಲ ಮೂರಕ್ಕೆ ಊರಲ್ಲಿ ಸಾಟಿ ಇರಲಿಲ್ಲ. ನಾಲ್ಕನೆಯದಕ್ಕೂ ಇರಲಿಲ್ಲ.

ಮಗನ ಹೆಸರು ಮುದುಕಪ್ಪ. ವಯಸ್ಸು ಇಪ್ಪತ್ತಾರು. ಒರಳುಕಲ್ಲಿನಂಥ ಮೈ. ಅವ್ವ ಹೇಳಿದ ಮಾತು ಮೀರುವವನಲ್ಲ. ತೊಂದರೆ ಅದೇ. ಹೇಳಿದ ಹಾಗೆ ಕೇಳುವ ಮಗನನ್ನು ಕೊಡು ಎಂದು ಮಾಂತವ್ವ ಹರಕೆ ಹೊತ್ತಿದ್ದಳಂತೆ. ದೇವರೂ ಮಾತನ್ನು ಅಕ್ಷರಕ್ಕೆ ಅಕ್ಷರ ಹಿಡಿಯುವವನೇ ಇರಬೇಕು.

ಇಷ್ಟರಲ್ಲಿ ಮರದ ಆ ಬದಿಗೆ ಕೊಟ್ರಪ್ಪ ಎಂಬುವವನು ಹೊಸ ಖಾನಾವಳಿ ತೆರೆದ. ಬಣ್ಣದ ದೀಪ, ಗೋಡೆ ತುಂಬ ಕನ್ನಡಿ, ಗೋಬಿ ಮಂಚೂರಿ. ಜನ ಆ ಕಡೆ ಹರಿದರು. ಮಾಂತವ್ವನಲ್ಲಿ ಮಧ್ಯಾಹ್ನಕ್ಕೆ ನಲವತ್ತು ತಾಟು ಏಳುತ್ತಿದ್ದುದು ಎಂಟಕ್ಕಿಳಿಯಿತು.

"ಈ ಶ್ರಾವಣದಾಗ ಮಂದಿ ತಿರುಗಿ ಬರಲಿಲ್ಲಂದ್ರ ಮುಗೀತು. ಒಲಿ ಆರಿಸಿ ಬಾಗಲಾ ಹಾಕೂದ!" ಅಂದಳು ಮಾಂತವ್ವ.

"ಈಗ ಹಾಕ್ಲೇನಬೇ?" ಅಂದ ಮುದುಕಪ್ಪ, ಬಾಗಿಲ ಕಡೆ ನಡೆಯುತ್ತ.

ರೊಟ್ಟಿ ಬಡಿಯುತ್ತಿದ್ದ ಮಾಂತವ್ವ ಅದೇ ಕೈಯಿಂದ ಹಣೆ ಬಡಿದುಕೊಂಡಳು. ಹಣೆಯ ಮೇಲೆ ಹಿಟ್ಟಿನ ಐದು ಬೆರಳು ಮೂಡಿದವು. ಆ ಬೆರಳುಗಳು ಅಲ್ಲಿಂದ ಮುಂದೆ ಅಳಿಯಲೇ ಇಲ್ಲ ಅನ್ನಬಹುದು.

ಒಂದು ದಿನ ಒಲೆಯ ಮೇಲೆ ಹಾಲು ಇತ್ತು. ಮಾಂತವ್ವನಿಗೆ ಹಿತ್ತಲಿನಲ್ಲಿ ಕೆಲಸವಿತ್ತು.

"ಮುದುಕ್ಯಾ, ಹಾಲು ಉಕ್ತೈತಿ. ನೋಡ್ಕೋ!"

ಮುದುಕಪ್ಪ ಮಣೆ ಹಾಕಿಕೊಂಡು ಕೂತ. ಹಾಲು ಉಕ್ಕಿತು. ನೋಡಿದ. ಒಲೆಗೆ ಬಿತ್ತು. ನೋಡಿದ. ನೆಲಕ್ಕೆ ಹರಿಯಿತು. ಬಗ್ಗಿ ನೋಡಿದ.

"ಏನಲೇ ಇದು!" ಅಂತ ಮಾಂತವ್ವ ಓಡಿ ಬಂದಳು.

"ಭಾಳ ಚಂದ ಉಕ್ಕಿತಬೇ! ಒಂದೀಟೂ ಬಿಡದಂಗ ನೋಡೀನಿ!"

"ನಿನ್ನ ನೋಡಾಣಾ ಸುಡ್ಲಿ! ಉಕ್ಕೂದು ಕಂಡ್ರ ತಣ್ಣೀರು ಹಾಕಬೇಕಲೇ ತಿಳಿಗೇಡಿ! ಉಕ್ಕಾಕತ್ತಿತೋ, ನೀರು ಹಾಕು! ತಿಳೀತಿಲ್ಲೋ?"

"ತಿಳೀತಬೇ! ಉಕ್ಕಿದ್ರ ನೀರು!"

ಮರುದಿನ ಟೇಲರ್ ಈರಪ್ಪ ಊಟಕ್ಕೆ ಬಂದ. ಉಳಿದ ಎಂಟು ಜನರಲ್ಲಿ ಅವನೊಬ್ಬ. ಮಾಂತವ್ವನ ರೊಟ್ಟಿ ಬಿಟ್ಟು ಬೇರೆಡೆ ಹೋಗದವನು, ಆದರೆ ಅದಕ್ಕಾಗಿ ಕಾಯಲಾರದವನು. ಒಂದು ರೊಟ್ಟಿ ಮುಗಿಯಿತು, ಇನ್ನೊಂದು ಬರಲಿಲ್ಲ.

"ತಮ್ಮಾ, ರೊಟ್ಟಿ ಎಲ್ಲಿ? ಎಷ್ಟೊತ್ತು ಕೂಡ್ರೂದು? ನನಗ ಸಿಟ್ಟು ಉಕ್ಕಿ ಬರಾಕತ್ತೈತಿ ನೋಡು!"

"ಉಕ್ಕಾಕತ್ತೈತೇನ್ರೀ?"

"ಹೌದಲೇ! ಉಕ್ಕಾಕತ್ತೈತಿ!"

ಒಂದು ಕೊಡ ನೀರು. ನೆತ್ತಿಯ ಮೇಲೆ. ಈರಪ್ಪನ ಸಿಟ್ಟು ಇಳಿಯಲಿಲ್ಲ. ಹಾಲಿಗೂ ಸಿಟ್ಟಿಗೂ ಅಷ್ಟು ವ್ಯತ್ಯಾಸ.

"ಅಯ್ಯ ನನ್ನ ಹಣೇಬಾರ!" ಅಂದಳು ಮಾಂತವ್ವ, ಹಣೆ ಬಡಿದುಕೊಂಡು. "ಗಿರಾಕಿ ಅಂದ್ರ ದೇವರಲೇ! ದೇವರಿಗೆ ಹೆಂಗ ನಡಕೋತಿ, ಗಿರಾಕಿಗೂ ಹಂಗ ನಡಕೋಬೇಕು! ತಿಳೀತಿಲ್ಲೋ?"

"ತಿಳೀತಬೇ! ಗಿರಾಕಿ ಅಂದ್ರ ದೇವ್ರು!"

ಮರುದಿನ ದೂರದೂರಿಂದ ದನದ ವ್ಯಾಪಾರಿಯೊಬ್ಬ ಬಂದು ಕೂತ. ಮುಂಜಾನೆಯಿಂದ ಉಪವಾಸ ಬಿದ್ದ ಮುಖ. ಮುದುಕಪ್ಪ ಅವನ ಹಣೆಗೆ ವಿಭೂತಿ ಬಳಿದ. ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದ. ವ್ಯಾಪಾರಿಗೆ ಸಂತೋಷವಾಯಿತು, ಇಂಥ ಮರ್ಯಾದೆ ಬೀಗರ ಮನೆಯಲ್ಲೂ ಸಿಕ್ಕಿರಲಿಲ್ಲ. ತಾಟು ಬಂತು. ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮುದುಕಪ್ಪ ತಾಟನ್ನು ಅವನ ಮುಖದ ಮುಂದೆ ಮೂರು ಸುತ್ತು ತಿರುಗಿಸಿದ. ಗಂಟೆ ಬಾರಿಸಿದ. ಕೈ ಮುಗಿದ. ತಾಟು ತಗೊಂಡು ಒಳಗೆ ಹೋದ.

"ಏಯ್, ಊಟ!" ಅಂದ ವ್ಯಾಪಾರಿ.

"ನೈವೇದ್ಯ ಆತ್ರೀ!" ಅಂದ ಮುದುಕಪ್ಪ ಒಳಗಿನಿಂದ, ತುಂಬಿದ ಬಾಯಲ್ಲಿ.

ವ್ಯಾಪಾರಿ ಮಾಲೆ ಹಾಕಿಕೊಂಡೇ ಕೊಟ್ರಪ್ಪನಲ್ಲಿಗೆ ಹೋದ.

"ತೋರಿಸಿ ಒಳಗ ತಂದಿದ್ದು ಯಾಕಲೇ?"

"ಮತ್ತ ದೇವರು ಎಂದಾರ ಉಂಡಾನೇನಬೇ?"

ಮಾಂತವ್ವ ಮತ್ತೆ ಹಣೆ ಬಡಿದುಕೊಂಡಳು.

"ನೀ ಗಿರಾಕಿಗಳ ಹಂತ್ಯಾಕ ಬರಬ್ಯಾಡ," ಅಂದಳು. "ಸಂತಿಗೆ ಹೋಗು. ಅರ್ಧ ಕಿಲೋ ಬೆಂಡಿಕಾಯಿ ತಾ. ತುದಿ ಮುರದು ನೋಡು. ಪಟ್ ಅಂದ್ರ ಎಳೇದು, ನಾರು ಬಂದ್ರ ಬಲತದ್ದು. ಮುರದು ನೋಡದ ತರಬ್ಯಾಡ!"

ಕಾಯಿಪಲ್ಯ ಮಾರುವ ರುದ್ರವ್ವ ಬುಟ್ಟಿ ಮುಂದಿಟ್ಟುಕೊಂಡು ಪಕ್ಕದವಳ ಸೊಸೆಯ ವಿಚಾರ ಮಾತಾಡುತ್ತಿದ್ದಳು. ವಿಚಾರ ದೊಡ್ಡದು. ಮುದುಕಪ್ಪ ಕುಕ್ಕರಗಾಲಲ್ಲಿ ಕೂತು ಒಂದು ಮುರಿದ. ಪಟ್! ಇನ್ನೊಂದು. ಪಟ್! ಪಟ್ ಪಟ್ ಪಟ್! ಸೊಸೆಯ ವಿಚಾರ ಮುಗಿಯುವುದಕ್ಕೂ ಬುಟ್ಟಿ ಮುಗಿಯುವುದಕ್ಕೂ ಸರಿಹೋಯಿತು.

"ಯಪ್ಪಾ! ಎಷ್ಟು ಬೇಕಾಗಿತ್ತು ನಿನಗ?"

"ಅರ್ಧ ಕಿಲೋ ಬೇ."

"ಮತ್ತ ಬುಟ್ಟಿ ಪೂರಾ ಯಾಕ ಮುರದಿ?"

"ನೋಡಾಕ. ಎಲ್ಲಾ ಎಳೇವ ಅದಾವ. ಚಲೋ ಮಾಲು ತಂದೀ ಬೇ!"

ರುದ್ರವ್ವ ಬುಟ್ಟಿಯನ್ನೂ ಅವನನ್ನೂ ಮಾಂತವ್ವನ ಬಾಗಿಲಿಗೆ ತಂದು ಇಳಿಸಿದಳು. ಖಾನಾವಳಿಯಲ್ಲಿ ನಾಲ್ಕು ದಿನ ಬೆಂಡೆಕಾಯಿ ಪಲ್ಯ, ಬೆಂಡೆಕಾಯಿ ಸಾರು, ಬೆಂಡೆಕಾಯಿ ಗೊಜ್ಜು. ಎಂಟು ತಾಟು ಆರಾಯಿತು.

"ಇನ್ನ ಮ್ಯಾಲ ಏನೂ ಮುರೀಬ್ಯಾಡ! ತೆಂಗಿನಕಾಯಿ ತರಾಕ ಹೋಗಿ ಅದನ್ನೂ ಒಡೆದು ನೋಡಗೀಡೀ! ಕಿವಿ ಹಂತ್ಯಾಕ ಹಿಡೀಬೇಕು, ಅಲ್ಲಾಡಿಸಬೇಕು, ಗುಳುಗುಳು ಅಂದ್ರ ತರಬೇಕು! ತಿಳೀತಿಲ್ಲೋ?"

"ತಿಳೀತಬೇ! ಗುಳುಗುಳು!"

ಆದರೆ ಮರುದಿನ ಬೇಕಾದದ್ದು ತೆಂಗಿನಕಾಯಿ ಅಲ್ಲ, ಮೊಸರು. ಮುದುಕಪ್ಪ ಗೌಳಿಗರ ಮನೆಗೆ ಹೋದ. ಮೊಸರಿನ ಗಡಿಗೆ ಎತ್ತಿದ. ಕಿವಿಯ ಹತ್ತಿರ ಹಿಡಿದ. ಜೋರಾಗಿ ಅಲ್ಲಾಡಿಸಿದ.

ಮನೆಗೆ ಬಂದಾಗ ಗಡಿಗೆಯಲ್ಲಿದ್ದುದಕ್ಕಿಂತ ಅವನ ಮೈಮೇಲೆ ಇದ್ದ ಮೊಸರೇ ಹೆಚ್ಚು. ಹಿಂದೆ ಮೂರು ನಾಯಿ.

"ಗುಳುಗುಳು ಅಂತಬೇ! ಚಲೋ ಮೊಸರು!"

"ಮೊದಲು ತೊಳಕೋ ಹೋಗು!" ಹಣೆ ಬಡಿದ ಸದ್ದು ಬೀದಿಗೆ ಕೇಳಿಸಿತು. "ತಿಕ್ಕಿ ತಿಕ್ಕಿ ತೊಳೀಬೇಕು! ನೀರು ತಿಳಿಯಾಗಿ ಹರಿಯೂತನಕ ತೊಳೀಬೇಕು! ತಿಳೀತಿಲ್ಲೋ?"

"ತಿಳೀತಬೇ!"

ಈಗ ಬೆಳವಣಿಕಿ ಸಾಹೇಬರ ವಿಷಯ ಹೇಳಬೇಕು. ಇವರು ಊರೂರು ತಿರುಗಿ ಊಟ ಮಾಡಿ ಪ್ರತಿ ಭಾನುವಾರ ಪೇಪರಿನಲ್ಲಿ ಬರೆಯುತ್ತಿದ್ದರು. ಅಂಥದೊಂದು ಉದ್ಯೋಗವಿದೆ. ಅವರು ಬರೆದ ಮೇಲೆಯೇ ಊರಿನವರಿಗೆ ತಮ್ಮ ಊರಿನ ರೊಟ್ಟಿ ರುಚಿಯಾಗಿದೆಯೆಂದು ಗೊತ್ತಾಗುತ್ತಿತ್ತು. ಮರುದಿನ ಸಾಲು ನಿಲ್ಲುತ್ತಿದ್ದರು. ಅಂಥ ಸಾಹೇಬರು, ಬೇವಿನ ಮರದೆದುರಿನ ಖಾನಾವಳಿ ಎಂದಷ್ಟೇ ಕೇಳಿಕೊಂಡು, ಶುಕ್ರವಾರ ಮಧ್ಯಾಹ್ನ ಮಾಂತವ್ವನಲ್ಲಿಗೆ ಬರುತ್ತಾರೆ ಎಂದು ಟೇಲರ್ ಈರಪ್ಪ ಸುದ್ದಿ ತಂದ. ಸುದ್ದಿಯನ್ನು ಮುದುಕಪ್ಪನಿಂದ ದೂರ ನಿಂತೇ ಹೇಳಿದ.

ಮಾಂತವ್ವನ ಕಣ್ಣಲ್ಲಿ ನಲವತ್ತು ತಾಟು ಮಿಂಚಿದವು. ಗುರುವಾರವೇ ತಯಾರಿ ಶುರುವಾಯಿತು. ಹೆಸರುಕಾಳು ಮೊಳಕೆ ಕಟ್ಟಿ ಪಲ್ಯ ಮಾಡಬೇಕು. ಅದು ಅವಳ ಕೈಯಲ್ಲೇ ಆಗಬೇಕಾದ ಪಲ್ಯ.

"ಮುದುಕ್ಯಾ, ಹೆಸರು ತೊಳಿ!" ಅಂದು ಬದನೆಕಾಯಿ ತರಲು ತಾನೇ ಸಂತೆಗೆ ಹೋದಳು.

ಬಂದು ನೋಡಿದರೆ ಬಾಗಿಲಲ್ಲಿ ಏಣಿ. ಏಣಿಯ ಮೇಲೆ ಮಗ. ಕೈಯಲ್ಲಿ ತೆಂಗಿನ ನಾರು, ಬೂದಿ. ಬೋರ್ಡು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೋರ್ಡಿನ ಮೇಲೆ 'ಮಾಂತವ್ವನ' ಇರಲಿಲ್ಲ, 'ಖಾನಾವಳಿ' ಇರಲಿಲ್ಲ, ಏನೂ ಇರಲಿಲ್ಲ.

"ನೀರು ತಿಳಿಯಾಗೂತನಕ ತೊಳೆದೆನಬೇ! ಅರ್ಧ ದಿನ ಹಿಡೀತು!"

"ಹೆಸರು ಅಂದ್ರ ಕಾಳಲೇ!" ಮಾಂತವ್ವ ಕೂಗಿದಳು. "ಕಾಳು! ಹಸರ ಬಣ್ಣದ ಕಾಳು! ಈ ಮನಿಯಾಗ ಹೆಸರು ಅಂದ್ರ ಕಾಳು, ಬ್ಯಾರೆ ಏನೂ ಅಲ್ಲ! ಸಾಯೂತನಕ ನೆನಪಿಡು! ತಿಳೀತಿಲ್ಲೋ?"

"ತಿಳೀತಬೇ! ಹೆಸರು ಅಂದ್ರ ಕಾಳು!"

ಪೇಂಟರ್ ಭಾನುವಾರದ ತನಕ ಬರಲು ಆಗುವುದಿಲ್ಲ ಅಂದ. ಇರಲಿ, ಸಾಹೇಬರು ಉಣ್ಣುವುದು ಬೋರ್ಡನ್ನಲ್ಲ ಎಂದುಕೊಂಡು ಮಾಂತವ್ವ ತಾನೇ ಕಾಳು ತೊಳೆದಳು, ನೆನೆಸಿದಳು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟಳು.

"ಇದನ್ನ ಬೆಳಕಿಗೆ ತರಬಾರದು. ಬೆಳಕು ಬಿದ್ರ ಹೆಸರು ಕಹಿ ಆಕ್ಕೈತಿ," ಅಂದಳು ಮಗನಿಗೆ.

ಶುಕ್ರವಾರ ಬಂತು. ಒಲೆಗೆ ಕೈಮುಗಿದು ಮಾಂತವ್ವ ಮಗನ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು. ಇಪ್ಪತ್ತು ವರ್ಷ ಬಡಿದ ರೊಟ್ಟಿಯೆಲ್ಲ ಆ ಒಂದು ಹೊತ್ತಿನ ಮೇಲೆ ನಿಂತಿತ್ತು.

"ನಿನ್ನ ಕಾಲಿಗೆ ಬೀಳ್ತೀನಪ್ಪಾ. ಇವತ್ತೊಂದು ದಿನ ನನ್ನ ಹೆಸರು ಉಳಿಸು!"

ಅವ್ವ ಅಳುವುದನ್ನು ಮುದುಕಪ್ಪ ನೋಡಿದ್ದು ಅದೇ ಮೊದಲು. ಅವಳು ಅತ್ತ ತಿರುಗಿದ್ದೇ ತಡ, ಕಾಳಿನ ಗಂಟನ್ನು ಎತ್ತಿ ಅಟ್ಟದ ಕತ್ತಲೆಯ ಮೂಲೆಯಲ್ಲಿ, ಹಳೆ ಕೊಪ್ಪರಿಗೆಯ ಕೆಳಗೆ ಮುಚ್ಚಿಟ್ಟ. ಮಾಂತವ್ವ ಗಂಟಿಗಾಗಿ ಹುಡುಕಿದಳು, ಬೆಕ್ಕನ್ನು ಬೈದಳು, ಸಾಹೇಬರು ಬಂದೇ ಬಿಟ್ಟರು ಎಂದು ಕೈಬಿಟ್ಟಳು. ಎಣ್ಣೆಗಾಯಿ ಇತ್ತಲ್ಲ.

ಎಣ್ಣೆಗಾಯಿ ಸಾಕಾಯಿತು. ಬೆಳವಣಿಕಿ ಸಾಹೇಬರು ಏಳು ರೊಟ್ಟಿ ಉಂಡರು. ಎಂಟನೆಯದು ಅರ್ಧವಾದಾಗ ಕಣ್ಣು ಮುಚ್ಚಿಕೊಂಡರು. ಬೆರಳು ನೆಕ್ಕಿದರು. ಮಾಂತವ್ವ ಒಲೆಯ ಮುಂದಿನಿಂದ ಇಣುಕಿ ನೋಡಿ ಮುಗುಳ್ನಕ್ಕು ಮತ್ತೆ ರೊಟ್ಟಿ ಬಡಿದಳು. ಗೆದ್ದೆ ಅಂದುಕೊಂಡಳು.

ಸಾಹೇಬರು ಕೈ ತೊಳೆಯಲು ಹೊರಗೆ ಬಂದರು. ಅಲ್ಲಿ ತಂಬಿಗೆ ಹಿಡಿದು ಮುದುಕಪ್ಪ ನಿಂತಿದ್ದ. ಅವರು ತಲೆಯೆತ್ತಿ ಬೋರ್ಡು ನೋಡಿದರು. ಖಾಲಿ.

"ತಮ್ಮಾ, ಖಾನಾವಳಿ ಹೆಸರೇನು?"

"ಹೆಸರು ಕೊಡೂದಿಲ್ಲರೀ."

"ಯಾಕ?"

"ಅವ್ವ ಉಳಿಸು ಅಂದಾಳ್ರೀ."

"ನಿಮ್ಮ ಅವ್ವನ ಹೆಸರಾದರೂ ಹೇಳಪ್ಪ, ಪೇಪರಿನಾಗ ಹಾಕ್ತೀನಿ."

ಪೇಪರಿನ ಪೊಟ್ಟಣದಲ್ಲಿ ಹಾಕಿದರೆ ಎರಡಾದರೂ ಕಾಳು ಚೆಲ್ಲದೆ ಇರುವುದಿಲ್ಲ. ಮುದುಕಪ್ಪ ಗಾಬರಿಯಾದ. "ಪೇಪರಿನಾಗ ಹಾಕೂ ಹಂಗ ಇಲ್ಲರೀ! ಬೆಳಕಿಗೆ ತರೂ ಹಂಗ ಇಲ್ಲ. ಬೆಳಕು ಬಿದ್ರ ಹೆಸರು ಕಹಿ ಆಕ್ಕೈತ್ರೀ!"

ಸಾಹೇಬರ ಬಾಯಿ ತೆರೆದುಕೊಂಡಿತು. ಒದ್ದೆ ಕೈಯಲ್ಲೇ ಪುಸ್ತಕ ತೆಗೆದು ಬರೆದುಕೊಂಡರು. ಬರೆಯುತ್ತ ಅವರ ಕಣ್ಣು ತುಂಬಿತು. ಏಳೂವರೆ ರೊಟ್ಟಿ ಉಂಡವನಿಗೆ ವೇದಾಂತ ಬೇಗ ಹತ್ತುತ್ತದೆ.

ಭಾನುವಾರ ಮುಂಜಾನೆ ಪೇಂಟರ್ ಬಂದು ಕೆಂಪಕ್ಷರದಲ್ಲಿ 'ಮಾಂತವ್ವನ ಖಾನಾವಳಿ' ಎಂದು ಬರೆದು ಹೋದ. ಅದರ ಬೆನ್ನಿಗೇ ಟೇಲರ್ ಈರಪ್ಪ ಪೇಪರ್ ಹಿಡಿದುಕೊಂಡು ಬಂದ. ಓದಿದ: "ಇಂಥ ಎಣ್ಣೆಗಾಯಿ ನಾನು ಈ ಜನ್ಮದಲ್ಲಿ ಉಂಡಿಲ್ಲ. ಬೆಳಕು ಬಿದ್ದರೆ ಹೆಸರು ಕಹಿಯಾಗುತ್ತದೆ ಎಂದು ನಂಬಿದ ಮಹಾತಾಯಿ! ಸಂತೆ ಬಯಲಿನ ಬೇವಿನ ಮರದ ಬಳಿ ಹೋಗಿ. ಬೋರ್ಡಿನ ಮೇಲೆ ಹೆಸರೇ ಇಲ್ಲದ ಖಾನಾವಳಿ ಕಾಣುತ್ತದೆ. ಅದೇ."

ಮಾಂತವ್ವ ಹೊರಗೆ ಓಡಿ ಬಂದಳು. ಕೊಟ್ರಪ್ಪ ಪೇಪರನ್ನು ಅವರಿಗಿಂತ ಮೊದಲೇ ಓದಿದ್ದ. ಏಣಿ ಹಾಕಿ ತನ್ನ ಬೋರ್ಡಿಗೆ ಸುಣ್ಣ ಬಳಿದು ಮುಗಿಸಿದ್ದ. ಪಕ್ಕದೂರುಗಳಿಂದ ಗಾಡಿಗಳಲ್ಲಿ ಜನ ಬಂದಿಳಿಯುತ್ತಿದ್ದರು. ಮಾಂತವ್ವನ ಬಾಗಿಲಿಗೆ ಬರುತ್ತಿದ್ದರು, ತಲೆಯೆತ್ತಿ ನೋಡುತ್ತಿದ್ದರು, "ಇದಲ್ಲಪ್ಪಾ, ಇದಕ್ಕ ಹೆಸರೈತಿ" ಎಂದು ದಾಟಿ ಹೋಗಿ ಆಚೆ ಸಾಲು ನಿಲ್ಲುತ್ತಿದ್ದರು. ಊರವರಿಗೆ ನಿಜ ಗೊತ್ತಿತ್ತು. ಆದರೂ ನಿಂತರು. ಪೇಪರಿನಲ್ಲಿ ಬಂದದ್ದರ ಮುಂದೆ ಗೊತ್ತಿರುವುದಕ್ಕೆ ಯಾವ ಬೆಲೆ?

"ಹೆಸರು ಉಳಿಸು ಅಂದ್ರ ಏನು ಮಾಡಿದೀಲೇ!"

"ಉಳಿಸೀನಬೇ! ಒಂದು ಕಾಳೂ ಯಾರಿಗೂ ಕೊಟ್ಟಿಲ್ಲ!"

ಸಿಟ್ಟಿನಲ್ಲಿ ಮಾಂತವ್ವ ತಾನೇ ಮಾಡಿದ ಕಟ್ಟಳೆ ಮರೆತಳು. "ಹೋಗಲೇ! ಹೊರಗ ಹೋಗಿ ಓಣಿ ತುಂಬ ನನ್ನ ಹೆಸರು ಹರಡು! ನನ್ನ ಹೆಸರಿಗೆ ನಾಲ್ಕು ಮಂದಿಯಾದ್ರೂ ಬರಲಿ!"

ಮುದುಕಪ್ಪ ಅಟ್ಟ ಹತ್ತಿದ. ಗಂಟು ಬಿಚ್ಚಿದ. ಹೆಸರು ಮೂರು ದಿನದಲ್ಲಿ ಬೆರಳುದ್ದ ಬೆಳೆದಿತ್ತು. ಅಟ್ಟ ಇಳಿದು ಬೀದಿಗೆ ಬಂದ. ಕೊಟ್ರಪ್ಪನ ಸಾಲಿನ ತುದಿಯಿಂದ ಅವ್ವನ ಹೊಸ್ತಿಲ ತನಕ, ಮುಷ್ಟಿ ಮುಷ್ಟಿ, ಒಂದು ಕಾಳೂ ಉಳಿಸದೆ ಹರಡಿದ.

ಸಾಲಿನ ಜನ ತಿರುಗಿ ನೋಡಿದರು. ಮತ್ತೆ ಮುಂದಕ್ಕೆ ನೋಡಿದರು.

ಆದರೆ ರುದ್ರವ್ವನ ಕೋಳಿ ಬಂತು. ಹಿಂದೆ ಅದರ ಹನ್ನೊಂದು ಮರಿ. ಓಣಿಯ ಎರಡು ಹುಂಜ. ಒಂದು ಆಡು. ಕೊಟ್ರಪ್ಪನ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಬಂತು. ಎಲ್ಲವೂ ಒಂದೊಂದೇ ಕಾಳು ಹೆಕ್ಕುತ್ತ, ಸಾಲಾಗಿ, ಹೊಸ ಬೋರ್ಡಿನ ಕೆಳಗೆ ಹಾದು ಒಳಗೆ ನುಗ್ಗಿದವು.

"ಬರ್ರಿ, ಬರ್ರಿ, ಕೂಡ್ರಿ!" ಅಂದ ಮುದುಕಪ್ಪ. ಇಪ್ಪತ್ತಾರು ವರ್ಷದಲ್ಲಿ ಅವನು ಅಷ್ಟು ಸಂತೋಷಪಟ್ಟಿರಲಿಲ್ಲ. "ಅವ್ವಾ! ನಿನ್ನ ಹೆಸರಿಗೇ ಬರಾಕತ್ತಾರಬೇ! ಬಡಿ, ಬಡಿ!"

ಮಾಂತವ್ವ ಬಡಿದಳು. ರೊಟ್ಟಿಯನ್ನಲ್ಲ.