ಮೈದಾ ಅಂಟಿನ ಅಟ್ಟಹಾಸ

ದೆವ್ವದ ಕಾಮಿಕ್ಸ್ ಒಂದಕ್ಕೆ ಕೈಯಾರೆ ಬರೆದ ಮೂಲ ಚಿತ್ರ, ಅಚ್ಚಿಗೆ ಹೋಗಿ ಬಂದ ಮೇಲೆ, ಕಿಣಿಯವರ ಹಜಾರದ ಗೋಡೆ ಸೇರಿತ್ತು. ಅದರಲ್ಲಿ ಪಿಶಾಚಿಯೊಂದು ಹೆಂಗಸಿನ ಕುತ್ತಿಗೆ ಹಿಡಿದಿತ್ತು. ಪಿಶಾಚಿಯ "ಹಹ್ಹಹ್ಹಾ!" ಅನ್ನುವ ಅಟ್ಟಹಾಸವನ್ನು ಮಾತ್ರ ಚಿತ್ರಗಾರ ಬೇರೆ ಚೀಟಿಯಲ್ಲಿ ಬರೆದು, ಮೈದಾ ಅಂಟು ಬಳಿದು ಬಾಯಿಯ ಪಕ್ಕ ಅಂಟಿಸಿದ್ದ.

ಒಂದು ಮಧ್ಯಾಹ್ನ ಜಿರಳೆಯೊಂದು ಚೌಕಟ್ಟಿನ ಸಂದಿಯಿಂದ ಒಳನುಗ್ಗಿ ಆ ಅಂಟನ್ನು ತಿನ್ನತೊಡಗಿತು.

"ಎಲವೋ ಹುಳವೇ! ನನ್ನ ಅಟ್ಟಹಾಸ ಓದಿ ಊರೂರಿನ ಮಕ್ಕಳು ಚಡ್ಡಿ ಒದ್ದೆ ಮಾಡಿಕೊಂಡಿದ್ದಾರೆ," ಎಂದಿತು ಪಿಶಾಚಿ.

"ನನಗೆ ಓದು ಬರಲ್ಲ ಸ್ವಾಮೀ. ಅಂಟು ಮಾತ್ರ ಬಹಳ ರುಚಿಯಾಗಿದೆ," ಎಂದಿತು ಜಿರಳೆ.

ಚೀಟಿ ಅರ್ಧ ಬಿಟ್ಟುಕೊಂಡಿತು. ಪಿಶಾಚಿ ಗಾಬರಿಯಾಗಿ ಹೆಂಗಸಿನ ಕಡೆ ತಿರುಗಿತು. "ತಾಯೀ, ಒಂದು ಸಲ ಕಿರುಚು. ಮನೆಯವರು ಬಂದು ಇದನ್ನು ಓಡಿಸಲಿ."

"ನಲವತ್ತು ವರ್ಷದಿಂದ ಕುತ್ತಿಗೆ ಅಮುಕಿ ಹಿಡಿದಿದ್ದೀಯ, ಕಿರುಚೋದು ಎಲ್ಲಿಂದ? ಕೈ ತೆಗಿ, ಕಿರುಚುತ್ತೇನೆ."

"ಕೈ ತೆಗೆದರೆ ನನ್ನನ್ನು ಪಿಶಾಚಿ ಅಂತ ಯಾರು ಒಪ್ಪುತ್ತಾರೆ?"

"ಹಾಗಾದರೆ ಹಿಡಿದುಕೊಂಡೇ ಇರು."

ಅದು ಹಿಡಿದುಕೊಂಡೇ ಇತ್ತು. ಜಿರಳೆ ಊಟ ಮುಗಿಸಿ ಹೊರಟಿತು, ಅಟ್ಟಹಾಸ ಚೌಕಟ್ಟಿನ ತಳಕ್ಕೆ ಉದುರಿತು.

ಸಂಜೆ ಕಾಫಿಗೆ ಬಂದ ಕಿಣಿಯವರ ನಾದಿನಿ ಚಿತ್ರದ ಮುಂದೆ ನಿಂತು ನಕ್ಕಳು. "ಚೆನ್ನಾಗಿದೆ ಭಾವ! ಟೈಲರ್ ಎಷ್ಟು ಶ್ರದ್ಧೆಯಿಂದ ರವಿಕೆಗೆ ಅಳತೆ ತೆಗೀತಿದ್ದಾನೆ ನೋಡಿ."

ಅವಳು ಅತ್ತ ಹೋದ ಮೇಲೆ ಚಿತ್ರದ ಹೆಂಗಸು ಮೆಲ್ಲಗೆ ಹೇಳಿದಳು: "ಕತ್ತು ಸ್ವಲ್ಪ ಅಗಲಕ್ಕೇ ಇಡಿ, ಟೈಲರಣ್ಣಾ."